ತೊಣ್ಣೂರು ಕೆರೆ

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹಳೆಯ ನೀರಾವರಿ ಕೆರೆ, ಶ್ರೀರಂಗಪಟ್ಟಣಕ್ಕೆ ವಾಯವ್ಯದಲ್ಲಿದೆ. ತಿರುಮಲಸಾಗರ, ಮೋತಿ ತಲಾಬ್ ಎಂಬವು ಇದರ ಇತರ ಹೆಸರುಗಳು. ದಡದ ಊರು ಕೆರೆತೊಣ್ಣೂರು. ಶಾಸನಗಳ ತೊಂಡನೂರು ಇದೇ.

ರಚನೆ: ಬಯಲುಸೀಮೆಯ ಕೆರೆಗಳಿಗೆ ಸಾಮಾನ್ಯವಾಗಿ ಉದ್ದನೆಯ ಏರಿ, ಹರವಾದ ಅಂಗಳ, ಕಡಿಮೆ ಆಳ. ಇಲ್ಲಿ ಎಲ್ಲವೂ ತಿರುವುಮುರುವು. ಎರಡು ಹಳ್ಳಗಳು ಕೂಡಿ ಬಂಡೆಗುಡ್ಡಗಳ ನಡುವಿನ ಕಿರಿದಾದ ಕಣಿವೆಯಿಂದ ಹೊರಬೀಳುತ್ತಿದ್ದ ಜಾಗವನ್ನೇ ಏರಿ ಹಾಕಿ ಮುಚ್ಚಲಾಗಿದೆ. ಹಳೆಯ ವರದಿಗಳ ಅಳತೆಯಂತೆ ಏರಿಯ ಉದ್ದಕ್ಕಿಂತ ಬುಡದ ದಪ್ಪವೇ ಹೆಚ್ಚು. ಆಳದಲ್ಲಿ ನಿಂತ ನೀರಿನ ಒತ್ತಡವನ್ನು ತಡೆಯಲು ಇಷ್ಟು ದಪ್ಪ ಬೇಕಾಗಿತ್ತು. ಹೆಚ್ಚುವರಿ ನೀರು ಹೋಗಲು ಗುಡ್ಡವನ್ನೇ ಕಡಿದು ಕಾಲುವೆ ತೆಗೆದಿದ್ದಾರೆ. ಕಾಲುವೆ ಎತ್ತರದಲ್ಲಿರುವುದರಿಂದ ಅದರಲ್ಲಿ ಹರಿದ ನೀರೂ ಕೆಳಗಿನ ಗದ್ದೆಗಳಿಗೆ ಒದಗುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕೆರೆ ತುಂಬಿದರೆ ಎರಡು ವರ್ಷದ ಬೇಸಾಯಕ್ಕೆ ನೀರಿರುತ್ತದೆಂದೂ ಮಳೆ ಕೈಕೊಟ್ಟರೆ ನೀರು ತೂಬಿಗಿಂತ ಕೆಳಗೇ ಉಳಿಯುತ್ತದೆಂದೂ ಬರೆದಿದ್ದಾನೆ. ಈ ಕೆರೆಯ ಬಲವೂ ಮಿತಿಯೂ ಅದರ ಆಳದಲ್ಲೇ ಇವೆ.

ಇತಿಹಾಸ: ಕೆರೆ ಕಟ್ಟಿಸಿ ತಿರುಮಲಸಾಗರವೆಂದು ಹೆಸರಿಟ್ಟವರು ರಾಮಾನುಜಾಚಾರ್ಯರು ಎಂಬುದು ಸಂಪ್ರದಾಯದ ಹೇಳಿಕೆ, ಇದನ್ನು ನಿರ್ಮಾಣದ ಕಾಲಕ್ಕೆ ನೇರ ಪುರಾವೆಯಾಗಿ ಹಿಡಿಯುವಂತಿಲ್ಲ. ಹೊಯ್ಸಳರ ಕಾಲದಲ್ಲಿ ಊರು ಪ್ರಮುಖವಾಗಿತ್ತು. ದೆಹಲಿ ಸೈನ್ಯದಿಂದ ಅವರ ರಾಜಧಾನಿ ದೋರಸಮುದ್ರ ಹಾಳಾದ ಬಳಿಕ ರಾಜಮನೆತನ ಕೆಲಕಾಲ ಇಲ್ಲಿ ನೆಲೆಸಿತ್ತೆಂದು ಹೇಳಲಾಗಿದೆ. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್ ಕೆರೆಯನ್ನು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದ. 1771ರಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಮ್ಮೆಟ್ಟುತ್ತಿದ್ದ ಹೈದರಾಲಿಯ ಸೈನ್ಯವನ್ನು ಮರಾಠರು ಸಮೀಪದ ಚಿನಕುರಳಿಯಲ್ಲಿ ಚದುರಿಸಿದರು. ಶತ್ರುಗಳಿಗೆ ನೀರು ದಕ್ಕಬಾರದೆಂದು 1792ರಲ್ಲಿ ಟಿಪ್ಪು ಏರಿ ಒಡೆಸಿದನೆಂದು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಏರಿ ಮತ್ತೆ ದುರಸ್ತಿಯಾಯಿತು.

ಊರು, ಜನ: ಶ್ರೀವೈಷ್ಣವರಿಗೆ ಇದು ರಾಮಾನುಜರನ್ನು ಬರಮಾಡಿಕೊಂಡ ತೊಂಡನೂರು ನಂಬಿಯ ಊರು. ನಂಬಿನಾರಾಯಣ ದೇವಾಲಯ ಪಂಚನಾರಾಯಣ ಕ್ಷೇತ್ರಗಳಲ್ಲೊಂದು. ಅದರ ಮುಂದಿನ ಗರುಡಗಂಬ ದೊಡ್ಡದು. ಕೃಷ್ಣ, ಯೋಗನರಸಿಂಹ ಗುಡಿಗಳೂ ಇವೆ. ರಾಮಾನುಜರು ಜೈನ ಪಂಡಿತರೊಡನೆ ವಾದಿಸಿದ ಕಥೆ ನರಸಿಂಹ ಗುಡಿಯೊಂದಿಗೆ ಹೆಣೆದುಕೊಂಡಿದೆ. ಸಾಲಾರ್ ಮಸೂದ್ ದರ್ಗಾ 1358ರದೆಂದು ಹೇಳಲಾಗುತ್ತದೆ. ಅಚ್ಚುಕಟ್ಟಿನ ರೈತರ ಮುಖ್ಯ ಬೆಳೆಗಳು ಭತ್ತ, ಕಬ್ಬು.

ಇಂದು: ಗುಡ್ಡಗಳ ನಡುವಿನ ತಿಳಿನೀರು ನೋಡಲು ಮೈಸೂರು, ಮಂಡ್ಯಗಳಿಂದ ಜನ ಬರುತ್ತಾರೆ. ದಡದಿಂದ ಸ್ವಲ್ಪ ದೂರದಲ್ಲೇ ಆಳ ಹೆಚ್ಚುವುದರಿಂದ ಈಜಲು ಇಳಿಯುವುದು ಅಪಾಯಕರ.