ಮುರಿಯುವ ಮುನ್ನ ಹುಟ್ಟುವ ಬಿರುಕು

ಮಂಗಳೂರಿಗೆ ಬಂದ ಮೊದಲ ಕಾರು ಎಂದು ಹೆಸರಾದ 1906ರ ಡೆ ಡಿಯೋನ್ ಬೂಟನ್, ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರದು, ಈಗ ಸಂತ ಅಲೋಶಿಯಸ್ ಸಂಸ್ಥೆಯ ಅಲೋಶಿಯಂ ಸಂಗ್ರಹಾಲಯದಲ್ಲಿದೆ. ವೇಗವಾಗಿ ತಿರುಗುವ ಪುಟ್ಟ ಎಂಜಿನ್ನೇ ಅದನ್ನು ತಯಾರಿಸಿದ ಫ್ರೆಂಚ್ ಕಂಪನಿಯ ಹಿರಿಮೆಯಾಗಿತ್ತು.

ಇಂಥ ಎಂಜಿನ್ನಿನೊಳಗೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವುದು ಕ್ರ್ಯಾಂಕ್‌ಶಾಫ್ಟ್. ಓಡುವಷ್ಟು ಹೊತ್ತೂ ಅದು ಕೊಂಚ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ನೆಟ್ಟಗಾಗುತ್ತದೆ. ಬೇರಿಂಗ್ ಸವೆದರೆ ಏಟು ಜೋರು. ಶಾಫ್ಟ್ ತಿರುವು ಪಡೆಯುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಸದ್ದಿಲ್ಲದೆ ಬೆಳೆದು, ಒಂದು ದಿನ ಶಾಫ್ಟ್ ಎರಡು ತುಂಡಾಗುತ್ತದೆ. ಮುರಿದ ಮುಖದಲ್ಲಿ ಒಂದರ ಹಿಂದೊಂದು ಬಾಗಿದ ಗೆರೆಗಳು ಕಾಣುತ್ತವೆ, ಪಣಂಬೂರು ಕಡಲತೀರದ ಮರಳಲ್ಲಿ ಹಿಂದೆ ಸರಿದ ಅಲೆ ಬಿಟ್ಟುಹೋದ ಗುರುತುಗಳಂತೆ. ನೋಡಲು ಚೆಂದ, ಆದರೆ ಸಂಕಟವೂ ಹೌದು.

ಹಳೆಯ ಕಾರನ್ನು ಮತ್ತೆ ಓಡಿಸುವ ಮುನ್ನ ಬಿರುಕು ಹುಡುಕಲೇಬೇಕು. ಶಾಫ್ಟನ್ನು ಕಾಂತಗೊಳಿಸಿ ಕಬ್ಬಿಣದ ಪುಡಿ ಉದುರಿಸಿದರೆ, ಪುಡಿ ಬಿರುಕಿನುದ್ದಕ್ಕೂ ಸಾಲುಗಟ್ಟುತ್ತದೆ.