ಸಭೆಗಳ ಲೆಕ್ಕ, ಕೂಸುಗಳ ಲೆಕ್ಕ

ಆರೋಗ್ಯ ಸೇವೆಯ ಯೋಜನೆಯಲ್ಲಿ ಭಾಗವಹಿಸುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅತಾ ನಗರದಲ್ಲಿ ಸೇರಿದ್ದ ವಿಶ್ವ ಸಮ್ಮೇಳನ ಘೋಷಿಸಿತು. ಆದರೆ ಜನ ಸೇರಿದ್ದರಿಂದ ಆದ ಲಾಭವೇನು? ವರದಿಗಳಲ್ಲಿ ಹೆಚ್ಚಾಗಿ ಸಿಗುತ್ತಿದ್ದುದು ಸಭೆಗಳ ಸಂಖ್ಯೆ ಮತ್ತು ಹಾಜರಾತಿ ಪಟ್ಟಿ. ಚಹಾ ಕುಡಿದು ಎದ್ದುಹೋದವರೂ ಅದರಲ್ಲಿ ಸೇರುತ್ತಾರೆ!

ನೇಪಾಳದ ಮಕವಾನಪುರ ಜಿಲ್ಲೆಯಲ್ಲಿ 2001ರಲ್ಲಿ ಆರಂಭವಾದ ಅಧ್ಯಯನ ಬೇರೆಯೇ ಲೆಕ್ಕ ಹಿಡಿಯಿತು. ಆಯ್ದ 24 ಪ್ರದೇಶಗಳ ಪೈಕಿ ಚೀಟಿ ಎತ್ತಿದ ರೀತಿಯಲ್ಲಿ ಅರ್ಧದಷ್ಟನ್ನು ಆರಿಸಿ, ಅಲ್ಲಿ ತಿಂಗಳಿಗೊಮ್ಮೆ ಮಹಿಳೆಯರ ಸಭೆ ನಡೆಸಲಾಯಿತು. ನಡೆಸಿದವರು ವೈದ್ಯರೂ ಅಲ್ಲ, ದಾದಿಯರೂ ಅಲ್ಲ. ಅದೇ ಪ್ರದೇಶದ ಹೆಣ್ಣುಮಕ್ಕಳು. ಬಾಣಂತಿ, ಕೂಸು ಏಕೆ ಸಾಯುತ್ತಾರೆ ಎಂದು ಚರ್ಚಿಸಿದ ಗುಂಪುಗಳು ತಾವೇ ನಿಧಿ ಕೂಡಿಸಿದವು, ರೋಗಿಯನ್ನು ಹೊತ್ತೊಯ್ಯುವ ಡೋಲಿಗೆ ವ್ಯವಸ್ಥೆ ಮಾಡಿದವು. ಆರೋಗ್ಯ ಕೇಂದ್ರಗಳನ್ನು ಎರಡೂ ಕಡೆ ಸುಧಾರಿಸಿದ್ದರಿಂದ ವ್ಯತ್ಯಾಸ ಉಳಿದದ್ದು ಸಭೆಗಳದೇ. 2004ರಲ್ಲಿ ಪ್ರಕಟವಾದ ಫಲಿತಾಂಶ: ಹುಟ್ಟಿದ ನಾಲ್ಕು ವಾರದೊಳಗೆ ಸತ್ತ ಶಿಶುಗಳು, ಗುಂಪುಗಳಿದ್ದಲ್ಲಿ ಸಾವಿರಕ್ಕೆ 26.2; ಇಲ್ಲದಲ್ಲಿ 36.9.

ಇದು ಬೇರೆಡೆಯೂ ನಡೆದೀತೆ? ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ 'ಏಕಜುಟ್' ಸಂಸ್ಥೆ 2005ರಲ್ಲಿ ಇದೇ ಪ್ರಯೋಗ ಕೈಗೊಂಡಿತು. ಬುಡಕಟ್ಟು ಜನರೇ ಹೆಚ್ಚಾಗಿರುವ ಆ ಸೀಮೆಯಲ್ಲಿ ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಸಾಯುವ ಕೂಸು ಸರ್ಕಾರಿ ದಾಖಲೆಗೆ ಬರುವುದೇ ಕಷ್ಟ. ಆದ್ದರಿಂದ ಹಳ್ಳಿಗಳಲ್ಲಿ ಸೂಲಗಿತ್ತಿಯರಂಥ ಮಾಹಿತಿದಾರರನ್ನು ಗೊತ್ತುಮಾಡಿ ಪ್ರತಿ ಜನನ, ಮರಣದ ಸುದ್ದಿ ತರಿಸಲಾಯಿತು. ಹೆರಿಗೆಯಾದ ಆರು ವಾರಗಳ ಬಳಿಕ ಬೇರೊಬ್ಬರು ತಾಯಿಯನ್ನು ಕಂಡು ವಿವರ ಬರೆದುಕೊಂಡರು. ಈ ಎಣಿಕೆ ಇಲ್ಲದಿದ್ದರೆ ಇಡೀ ಪ್ರಯೋಗ ಬರಿಯ ನಂಬಿಕೆಯ ಮಾತಾಗುತ್ತಿತ್ತು. ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಮರಣ, ಗುಂಪುಗಳಿಲ್ಲದ ಊರುಗಳಿಗಿಂತ ಶೇ 32ರಷ್ಟು ಕಡಿಮೆ ಇತ್ತು.

ಅದೇ ಕಾಲಕ್ಕೆ ಬಾಂಗ್ಲಾದೇಶದಲ್ಲಿ ನಡೆದ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಫಲಿತಾಂಶಗಳು 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಟ್ಟಿಗೇ ಬಂದವು. ಸೋಲನ್ನು ಮುಚ್ಚಿಡದೆ ಅಚ್ಚು ಹಾಕಿದ್ದೇ ದೊಡ್ಡ ಉಪಕಾರವಾಯಿತು. ಏಕೆಂದರೆ ಹೋಲಿಸಿದಾಗ ಒಂದು ಅಂತರ ಎದ್ದು ಕಂಡಿತು: ಭಾರತದಲ್ಲಿ 468 ಜನರಿಗೊಂದು ಗುಂಪಿದ್ದರೆ, ಬಾಂಗ್ಲಾದಲ್ಲಿ 1,414 ಜನರಿಗೊಂದು. ಅಲ್ಲಿ ಗುಂಪುಗಳನ್ನು ಹೆಚ್ಚಿಸಿ ಮತ್ತೆ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಿತ್ತು. ಮರಣ ಶೇ 38ರಷ್ಟು ಇಳಿದಿತ್ತು.

ಅದೇ ವರ್ಷ ಇಂಥ ಏಳು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಗರ್ಭಿಣಿಯರಲ್ಲಿ ಶೇ 30ರಷ್ಟಾದರೂ ಸಭೆಗೆ ಬಂದ ಕಡೆಗಳಲ್ಲೇ ಸಾವು ಗಣನೀಯವಾಗಿ ತಗ್ಗಿದ್ದು ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಈ ಗುಂಪುಗಳನ್ನು ಶಿಫಾರಸು ಮಾಡಿತು. ಜೊತೆಗೆ, ಫಲವನ್ನು ಅಳೆಯುತ್ತಲೇ ಇರಬೇಕೆಂದೂ ಸೂಚಿಸಿತು.