ಹೊಲದಿಂದ ಗೋದಲಿಯವರೆಗೆ: ರಾಯಚೂರಿನ ಕಣಕಿ, ಹೈದರಾಬಾದಿನ ತಬೇಲಾ ಮತ್ತು ಮೇವಿನ ವ್ಯಾಗನ್

ಹೈದರಾಬಾದಿನ ಈಶಾನ್ಯ ಅಂಚಿನಲ್ಲಿ, ಚೆರ್ಲಪಲ್ಲಿಗೆ ಹೊಂದಿಕೊಂಡಿರುವ ಕುಷಾಯಿಗೂಡ ಕಬ್ಬಿಣದ ಕೆಲಸದ ಊರು. 1967ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಈ ಭಾಗಕ್ಕೆ ಬಂದ ಮೇಲೆ ಸುತ್ತಮುತ್ತ ಲೇಥು, ವೆಲ್ಡಿಂಗು, ತಗಡು ಬಾಗಿಸುವ ಸಣ್ಣ ಶೆಡ್ಡುಗಳು ಬೆಳೆದವು. ಊರು ಬೆಳೆದಂತೆ ಹಾಲಿನ ಗಿರಾಕಿಯೂ ಬೆಳೆದ. ಹಳೆಯ ತಬೇಲಾಗಳು ನಗರದ ಒಳಗಿನಿಂದ ಅಂಚಿಗೆ ಸರಿದವು. ಎಮ್ಮೆ ಕಟ್ಟುವವರಿಗೆ ಹಟ್ಟಿಗೆ ಜಾಗ ಸಿಕ್ಕರೂ ಮೇವು ಬೆಳೆಯಲು ನೆಲ ಸಿಗಲಿಲ್ಲ. ಹಾಗಾಗಿ ಇಲ್ಲಿನ ಎಮ್ಮೆ ತಿನ್ನುವ ಒಣಮೇವು ನೂರಾರು ಕಿಲೋಮೀಟರ್ ಆಚೆಯ ಹೊಲಗಳಿಂದ ಬರುತ್ತದೆ. ಆ ಹೊಲಗಳಲ್ಲಿ ಬಹಳಷ್ಟು ನಮ್ಮ ಕನ್ನಡ ನಾಡಿನವು. ಈ ಲೇಖನದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ: ಹೊಲಕ್ಕೂ ಗೋದಲಿಗೂ ನಡುವಿನ ದಾರಿಯಲ್ಲಿ ಮೇವು ಏನೇನು ಕಳೆದುಕೊಳ್ಳುತ್ತದೆ, ಮೇವಿನ ವ್ಯಾಗನ್ ಎಂಬ ಯಂತ್ರ ಅದರಲ್ಲಿ ಎಷ್ಟನ್ನು ಉಳಿಸಬಲ್ಲದು?

ರಾಯಚೂರು, ಕಲಬುರಗಿ, ಬೀದರ್ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯಗಳ ಗಡಿ ಬದಲಾದರೂ ಮೇವಿನ ದಾರಿ ಬದಲಾಗಲಿಲ್ಲ. ರಾಯಚೂರಿನಿಂದ ಕೃಷ್ಣೆ ದಾಟಿ, ಮಕ್ತಲ್, ಮಹಬೂಬ್‌ನಗರದ ಮೇಲೆ ಹಾಯ್ದು ಹೈದರಾಬಾದ್ ಸೇರುವ ಸುಮಾರು 200 ಕಿಲೋಮೀಟರ್ ರಸ್ತೆಯಲ್ಲಿ ಜೋಳದ ಕಣಕಿ ಹೇರಿದ ಲಾರಿಗಳು ಇಂದಿಗೂ ಓಡುತ್ತವೆ. ತೆಲುಗರು ಅದನ್ನು ಚೊಪ್ಪ ಎನ್ನುತ್ತಾರೆ. ನಮ್ಮ ಸೊಪ್ಪೆಗೆ ಒಡಹುಟ್ಟಿದ ಮಾತು. ಕಪ್ಪು ನೆಲದ ಹಿಂಗಾರಿ ಜೋಳವನ್ನು, ಅದರಲ್ಲೂ ಮಾಲದಂಡಿ ಎಂದು ಹೆಸರಾದ ಎಂ 35-1 ತಳಿಯನ್ನು, ನಮ್ಮ ರೈತರು ಕಾಳಿಗಾಗಿ ಎಷ್ಟು ಬಿತ್ತುತ್ತಾರೋ ಕಣಕಿಗಾಗಿಯೂ ಅಷ್ಟೇ ಬಿತ್ತುತ್ತಾರೆ. ಅಧಿಕ ಇಳುವರಿಯ ಗಿಡ್ಡ ತಳಿಗಳು ಈ ಭಾಗದಲ್ಲಿ ಸಲೀಸಾಗಿ ಬೇರೂರದಿರಲು ಕಣಕಿಯ ಮೇಲಿನ ಈ ಅಕ್ಕರೆಯೂ ಒಂದು ಕಾರಣ.

ಈ ವ್ಯಾಪಾರವನ್ನು ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ಮೈಕೆಲ್ ಬ್ಲೂಮಲ್ ಮತ್ತು ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಪಾರ್ಥಸಾರಥಿ ರಾವ್ ಹೈದರಾಬಾದಿನ ಮೇವಿನ ಅಂಗಡಿಗಳಲ್ಲೇ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಆವರಣದಲ್ಲಿ ನಡೆದ ಕೆಲಸವದು. ಊರಿನ ಹೆಸರು, ಬಣ್ಣ, ತಳಿ ಹೇಳಿ ಮಾರುವ ಹಲವು ಬಗೆಯ ಕಣಕಿಯನ್ನು ಅವರು ಪ್ರಯೋಗಾಲಯಕ್ಕೆ ಒಯ್ದು ಜೀರ್ಣಶೀಲತೆ ಅಳೆದರು. ಅದು ಶೇಕಡಾ 47ರಿಂದ 52ರವರೆಗೆ ಇತ್ತು. ಐದೇ ಅಂಶದ ವ್ಯತ್ಯಾಸ. ಆದರೆ ಬೆಲೆಯಲ್ಲಿ ಅದು ಶೇಕಡಾ 25 ಮತ್ತು ಅದಕ್ಕೂ ಹೆಚ್ಚಿನ ಅಂತರವಾಗಿತ್ತು. ರಾಯಚೂರಿನ ಹೆಸರಿನಲ್ಲಿ ಮಾರುವ ಕಣಕಿ ಮೇಲಿನ ದರ್ಜೆಯದಾಗಿತ್ತು. ಪ್ರಯೋಗಾಲಯದ ಮುಖ ಕಾಣದ ತಬೇಲಾದವರು ಕಣ್ಣಿನಿಂದ, ಬೆರಳಿನಿಂದ, ಹಲ್ಲಿನಲ್ಲಿ ಕಡಿದು ರುಚಿ ನೋಡಿ ಕಟ್ಟಿದ ಬೆಲೆ ವಿಜ್ಞಾನದ ಅಳತೆಗೆ ತಾಳೆಯಾಯಿತು. ನಮ್ಮ ಮೇವಿನ ಅಧ್ಯಯನಗಳಲ್ಲಿ ಇದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟಿದ ಫಲಿತಾಂಶವನ್ನು ನಾನು ಓದಿಲ್ಲ.

ಇದರ ಅರ್ಥವನ್ನು ಯಂತ್ರದ ಕಡೆಯಿಂದ ಓದಬೇಕು ಎಂಬುದು ನನ್ನ ವಾದ. ಜೋಳದ ಗಿಡದಲ್ಲಿ ಸಾರಜನಕ ಹೆಚ್ಚಿರುವುದು ಎಲೆಯಲ್ಲಿ, ದಂಟಿನಲ್ಲಿ ಕಡಿಮೆ. ಕಣಕಿಯ ಒಟ್ಟು ಕಚ್ಚಾ ಪ್ರೋಟೀನೇ ಶೇಕಡಾ 3-4ರಷ್ಟು ಮಾತ್ರ. ಅದರಲ್ಲಿ ಎಲೆ ಉದುರಿದಷ್ಟೂ ಉಳಿಯುವುದು ಬರೀ ಕೋಲು. ಐದು ಅಂಶದ ಜೀರ್ಣಶೀಲತೆಗೆ ಕಾಲುಪಾಲು ಬೆಲೆ ಕೊಡುವ ಮಾರುಕಟ್ಟೆಯಲ್ಲಿ, ದಾರಿಯಲ್ಲಿ ಉದುರುವ ಪ್ರತಿ ಎಲೆಯೂ ರೈತನ ಹಣವೇ.

ಎಲೆ ಎಲ್ಲಿ ಉದುರುತ್ತದೆ ಎಂದು ಎಣಿಸಿ ನೋಡೋಣ. ಜೋಳ ಕಿತ್ತು ಅಥವಾ ಕೊಯ್ದು ಸಾಲಿಗೆ ಹಾಕುವುದು ಮೊದಲ ಕೈ. ತೆನೆ ಮುರಿದ ಮೇಲೆ ಸಿವುಡು ಕಟ್ಟುವುದು ಎರಡನೆಯದು. ಚಕ್ಕಡಿಗೆ ಇಲ್ಲವೇ ಟ್ರೇಲರಿಗೆ ಹೇರಿ ತಂದು ಬಣವಿ ಒಟ್ಟುವುದು ಮೂರನೆಯದು. ವ್ಯಾಪಾರಿ ಬಂದಾಗ ಬಣವಿ ಕೆಡವಿ ಲಾರಿಗೆ ಹೇರುವುದು ನಾಲ್ಕು, ನಗರದ ಡಿಪೋದಲ್ಲಿ ಇಳಿಸುವುದು ಐದು, ಕತ್ತರಿಸುವ ಯಂತ್ರಕ್ಕೆ ಕೊಡುವುದು ಆರು, ಚೀಲ ತುಂಬಿ ಆಟೋಗೆ ಹಾಕುವುದು ಏಳು, ಹಟ್ಟಿಯಲ್ಲಿ ಬುಟ್ಟಿಯಿಂದ ಗೋದಲಿಗೆ ಸುರಿಯುವುದು ಎಂಟು. ಲಾರಿ ಖಾಲಿಯಾದ ಮೇಲೆ ಡಿಪೋದ ನೆಲವನ್ನು ಒಮ್ಮೆ ಬಗ್ಗಿ ನೋಡಬೇಕು. ಪಾದ ಮುಚ್ಚುವಷ್ಟು ತೆಳು ಹಳದಿ ಚೂರುಗಳು ಹಾಸಿರುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಹಪ್ಪಳದಂತೆ ಪುಡಿಯಾಗುತ್ತವೆ. ದಂಟಿನ ಚೂರು ಅದರಲ್ಲಿ ಹುಡುಕಿದರೂ ಅಪರೂಪ, ಹೆಚ್ಚಿನಂಶ ಎಲೆ. ಕಸಬರಿಗೆಯಿಂದ ಗುಡಿಸಿದಾಗ ಅದರೊಡನೆ ಮಣ್ಣೂ ಸೇರುತ್ತದೆ.

ಹಸಿಮೇವಿನ ದಾರಿ ಚಿಕ್ಕದು, ಆದರೆ ಅದು ದಿನಾಲೂ ನಡೆಯಬೇಕಾದ ದಾರಿ. ಹಾಲು ಕೊಡುವ ಒಂದು ಎಮ್ಮೆಗೆ ದಿನಕ್ಕೆ 20ರಿಂದ 25 ಕಿಲೋ ಹಸಿಮೇವು ಎಂದು ಹಿಡಿದರೆ 20 ಎಮ್ಮೆಗಳ ಹಟ್ಟಿಗೆ ಹೆಚ್ಚುಕಡಿಮೆ ಅರ್ಧ ಟನ್ ಬೇಕು. ನೇಪಿಯರ್ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಅಂದರೆ ಮುಂಜಾನೆ ಕತ್ತಲಲ್ಲಿ ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಬದುವಿನಾಚೆ ಹೊತ್ತು ತರುವವರು ಹೊರುವ ತೂಕದಲ್ಲಿ ಬಹುಪಾಲು ನೀರು. ಹೊರುವವರು ಬಹುತೇಕ ಹೆಂಗಸರು. ಹೈನುಗಾರಿಕೆಯ ಲೆಕ್ಕಪತ್ರಗಳಲ್ಲಿ ಹಿಂಡಿಗೆ, ಔಷಧಕ್ಕೆ ಕಾಲಂ ಇರುತ್ತದೆ. ಈ ಹೊರೆಗೆ ಇರುವುದಿಲ್ಲ. ಸಂಶೋಧಕರಾದ ನಾವು ತಿದ್ದಿಕೊಳ್ಳಬೇಕಾದ ತಪ್ಪು ಇದು.

ಇನ್ನು ಯಂತ್ರಕ್ಕೆ ಬರೋಣ. ಮೇವಿನ ವ್ಯಾಗನ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ತಾನೇ ತುಂಬಿಕೊಳ್ಳುವ ಬಂಡಿ. ಕೊಯ್ದು ಸಾಲು ಮಾಡಿದ ಹುಲ್ಲನ್ನು ಮುಂಭಾಗದ ಹಲ್ಲುಗಳು ನೆಲದಿಂದ ಎತ್ತುತ್ತವೆ, ತಿರುಗುವ ರೋಟರು ಅದನ್ನು ಅಲುಗುಗಳ ಸಾಲಿನ ನಡುವೆ ನೂಕಿ ಕತ್ತರಿಸಿ ಪೆಟ್ಟಿಗೆಯೊಳಕ್ಕೆ ಒತ್ತುತ್ತದೆ. ಇನ್ನೊಂದು, ಬರೀ ಪೆಟ್ಟಿಗೆ ಬಂಡಿ. ಕೊಯ್ಲು ಯಂತ್ರ ಕತ್ತರಿಸಿದ ಮೇವನ್ನು ಕೊಳವೆಯ ಮೂಲಕ ಅದರೊಳಕ್ಕೆ ಊದುತ್ತದೆ. ಎರಡಕ್ಕೂ ಸಮಾನವಾದದ್ದು ತಳ. ಅಲ್ಲಿ ಉದ್ದಕ್ಕೆ ಸರಪಳಿ, ಸರಪಳಿಗೆ ಅಡ್ಡ ಕಬ್ಬಿಣದ ಪಟ್ಟಿಗಳು. ಸರಪಳಿ ಮೆಲ್ಲಗೆ ಜರುಗಿದಂತೆ ಇಡೀ ರಾಶಿ ಬಾಗಿಲಿನತ್ತ ಸರಿಯುತ್ತದೆ. ಅಲ್ಲಿ ಮುಳ್ಳಿನ ರೋಲರುಗಳು ಅದನ್ನು ಬಿಡಿಸಿ ಒಂದೇ ಸಮನೆ ಹೊರಗೆ ಬೀಳಿಸುತ್ತವೆ. ಪಕ್ಕಕ್ಕೆ ಸಾಗಿಸುವ ಪಟ್ಟೆ ಇದ್ದರೆ ಟ್ರಾಕ್ಟರ್ ಗೋದಲಿಯ ಉದ್ದಕ್ಕೆ ನಡೆಯುತ್ತಿದ್ದಂತೆ ಮೇವು ದನಗಳ ಮುಂದೆ ಸಾಲಾಗಿ ಬೀಳುತ್ತದೆ. ಶಕ್ತಿ ಬರುವುದು ಟ್ರಾಕ್ಟರಿನ ಹಿಂದಿನ ಪಿ.ಟಿ.ಒ. ದಂಡದಿಂದ, ನಿಮಿಷಕ್ಕೆ 540 ಸುತ್ತು. ನಮ್ಮ ಟ್ರಾಕ್ಟರುಗಳಲ್ಲೂ ಇರುವುದು ಅದೇ ವೇಗ.

ಇದು ಸಾವಿರ ಎಕರೆಯ ಒಡೆಯರ ಯಂತ್ರ ಎಂಬ ಭಾವನೆ ನಮ್ಮಲ್ಲಿದೆ. ಚರಿತ್ರೆ ಬೇರೆ ಹೇಳುತ್ತದೆ. ತಾನೇ ತುಂಬಿಕೊಳ್ಳುವ ಬಂಡಿಯನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದವರು ಜರ್ಮನಿಯ ಅರ್ನ್‌ಸ್ಟ್ ವೈಷೆಲ್. 1963ರಲ್ಲಿ ಆಸ್ಟ್ರಿಯಾದ ಪೊಟ್ಟಿಂಗರ್ ಕಂಪನಿ ತಯಾರಿಕೆ ಆರಂಭಿಸಿತು. ಆಲ್ಪ್ಸ್ ತಪ್ಪಲಿನಲ್ಲಿ ಹತ್ತಿಪ್ಪತ್ತು ದನ ಕಟ್ಟಿದ ಸಣ್ಣ ಮನೆತನಗಳು, ಮಕ್ಕಳು ಕಾರ್ಖಾನೆಗೆ ಹೋದ ಮೇಲೆ ಹುಲ್ಲು ತರಲು ಆಳಿಲ್ಲದೆ ಒದ್ದಾಡುತ್ತಿದ್ದ ಕಾಲವದು. ಒಬ್ಬನೇ ಮನುಷ್ಯ ಒಂದು ಟ್ರಾಕ್ಟರಿನಿಂದ ಹುಲ್ಲು ಎತ್ತಿ ಮನೆಗೆ ತರುವಂತಾದದ್ದೇ ಈ ಯಂತ್ರದ ಯಶಸ್ಸು. ರಾಯಚೂರು ಸೀಮೆಯ ಹುಡುಗರು ಹೈದರಾಬಾದು, ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಉಳಿದ ತಾಯಿ-ತಂದೆಯ ಸ್ಥಿತಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ.

ಹಾಗೆಂದು ಯುರೋಪಿನ ಬಂಡಿಯನ್ನು ಹಾಗೇ ತಂದರೆ ನಡೆಯದು. ಅದರ ಹಲ್ಲುಗಳು ಮಾಡಿರುವುದು ಮೊಣಕಾಲೆತ್ತರದ ಮೆದು ಹುಲ್ಲಿಗೆ. ಆಳೆತ್ತರ ದಾಟಿದ, ಹೆಬ್ಬೆರಳು ದಪ್ಪದ ದಂಟಿರುವ ನೇಪಿಯರನ್ನೋ ಮೆಕ್ಕೆಜೋಳವನ್ನೋ ಅವು ನೆಲದಿಂದ ಎತ್ತಲಾರವು. ನಮಗೆ ಹೊಂದುವುದು ಎರಡನೆಯ ಜಾತಿ: ಸಾಲಿನ ಮೇವು ಕೊಯ್ದು ಕತ್ತರಿಸಿ ಊದುವ, ಟ್ರಾಕ್ಟರಿಗೆ ಜೋಡಿಸುವ ಯಂತ್ರ, ಅದರ ಹಿಂದೆ ಸರಪಳಿ ತಳದ ಪೆಟ್ಟಿಗೆ. ಲೂಸರ್ನ್, ಅಲಸಂದೆ ಮೊದಲಾದ ಮೆದು ಮೇವಿಗೆ ಮಾತ್ರ ಎತ್ತುವ ಹಲ್ಲು ಉಪಯೋಗಕ್ಕೆ ಬಂದೀತು.

ಗಾತ್ರದ ಪ್ರಶ್ನೆ ಇನ್ನೂ ಮುಖ್ಯ. ಕತ್ತರಿಸಿದ ಹಸಿಮೇವನ್ನು ಘನ ಮೀಟರಿಗೆ ಸುಮಾರು 300 ಕಿಲೋ ಎಂದು ಹಿಡಿಯೋಣ. 10 ಘನ ಮೀಟರ್ ಪೆಟ್ಟಿಗೆಯಲ್ಲಿ 3 ಟನ್ ಹಿಡಿಯುತ್ತದೆ. ಅರ್ಧ ಟನ್ ಬೇಕಾದ ಹಟ್ಟಿಗೆ ಅದು ಆರು ದಿನದ ಮೇವು. ಆದರೆ ಕತ್ತರಿಸಿದ ಹಸಿಮೇವು ಉಸಿರಾಡುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಒಟ್ಟಿದ ರಾಶಿಯೊಳಗೆ ಕೈ ತೂರಿಸಿದರೆ ಕೆಲವೇ ತಾಸಿನಲ್ಲಿ ಬಿಸಿ ತಗಲುತ್ತದೆ. ಬಿಸಿಯಾದ ಮೇವನ್ನು ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ. ಆದ್ದರಿಂದ ಒಬ್ಬರ ಹಟ್ಟಿಗೆ 2 ಘನ ಮೀಟರಿನ ಪೆಟ್ಟಿಗೆ ಸಾಕು. 10 ಘನ ಮೀಟರಿನದಾದರೆ ಅದು ಐದಾರು ಹಟ್ಟಿಗಳು ಕೂಡಿ ಇಟ್ಟುಕೊಳ್ಳುವ ಬಂಡಿ. ದೇಶದಲ್ಲಿ ಸರಾಸರಿ ಹಿಡುವಳಿ 2015-16ರ ಕೃಷಿ ಗಣತಿಯಂತೆ 1.08 ಹೆಕ್ಟೇರ್. ಅಂಥಲ್ಲಿ ದೊಡ್ಡ ಬಂಡಿಯನ್ನು ಒಬ್ಬನೇ ಸಾಲ ಮಾಡಿ ಕೊಳ್ಳಬಾರದು ಎಂದು ಸ್ಪಷ್ಟವಾಗಿ ಹೇಳುವುದು ನಮ್ಮ ಹೊಣೆ.

ರಸಮೇವು ಮಾಡುವವರಿಗೆ ಮಾತ್ರ ದೊಡ್ಡ ಪೆಟ್ಟಿಗೆಯೇ ಬೇಕು. ಮೆಕ್ಕೆಜೋಳದಲ್ಲಿ ಒಣಪದಾರ್ಥ ಶೇಕಡಾ 30-35 ಇರುವ ಹದ ಕೆಲವೇ ದಿನ ನಿಲ್ಲುತ್ತದೆ. ಅಷ್ಟರಲ್ಲಿ ಕೊಯ್ದು, ಗುಂಡಿಗೆ ತುಂಬಿ, ತುಳಿದು, ಗಾಳಿಯಾಡದಂತೆ ಮುಚ್ಚಬೇಕು. ಎತ್ತಿ ಸುರಿಯುವ ಮಾಮೂಲಿ ಟ್ರೇಲರ್ ಒಂದೇ ಕಡೆ ಗುಡ್ಡೆ ಹಾಕುತ್ತದೆ. ಅದನ್ನು ಹರಡಲು ನಾಲ್ಕು ಆಳು, ಹರಡುವಷ್ಟರಲ್ಲಿ ಮುಂದಿನ ಟ್ರೇಲರ್ ಬಂದು ನಿಂತಿರುತ್ತದೆ. ಸರಪಳಿ ತಳದ ವ್ಯಾಗನ್ ಚಲಿಸುತ್ತಲೇ ತೆಳು ಪದರವಾಗಿ ಹಾಸುತ್ತದೆ, ಹಿಂದೆಯೇ ಟ್ರಾಕ್ಟರ್ ತುಳಿಯುತ್ತದೆ. ಪದರ ತೆಳುವಾದಷ್ಟೂ ಗಾಳಿ ಚೆನ್ನಾಗಿ ಹೊರಬೀಳುತ್ತದೆ, ಬೂಷ್ಟು ಕಡಿಮೆ. ನನ್ನ ತೀರ್ಮಾನದಲ್ಲಿ ಈ ಒಂದು ಗುಣಕ್ಕಾಗಿಯೇ ಬಂಡಿಗೆ ಬೆಲೆ ಕೊಡಬಹುದು.

ಕತ್ತರಿಸುವ ಉದ್ದದ ಬಗ್ಗೆಯೂ ಒಂದು ಮಾತು. ಹೊಸದಾಗಿ ಯಂತ್ರ ಕೊಂಡವರು ನುಣ್ಣಗೆ ಕತ್ತರಿಸಿದಷ್ಟೂ ಒಳ್ಳೆಯದೆಂದು ತಿಳಿಯುತ್ತಾರೆ. ಆದರೆ ಮೆಲುಕು ಹಾಕಲು ನಾರು ಬೇಕು. ಮೆಲುಕು ಕಡಿಮೆಯಾದರೆ ಜೊಲ್ಲು ಕಡಿಮೆ, ಹೊಟ್ಟೆಯಲ್ಲಿ ಆಮ್ಲ ಹೆಚ್ಚು, ಹಾಲಿನ ಜಿಡ್ಡು ಇಳಿಯುತ್ತದೆ. ಜಿಡ್ಡಿನ ಮೇಲೆ ದರ ನಿಗದಿಯಾಗುವ ಎಮ್ಮೆ ಹಾಲಿನಲ್ಲಿ ಇದು ನೇರ ನಷ್ಟ. ಕಣಕಿಗೆ 2-3 ಸೆಂಟಿಮೀಟರ್ ಸಾಕು.

ಒಣ ಕಣಕಿಯ ದೂರದ ಸಾಗಾಟಕ್ಕೆ ವ್ಯಾಗನ್ ಲಾರಿಯ ಜಾಗ ತುಂಬಲಾರದು. ಅದು ಟ್ರಾಕ್ಟರಿನ ಬಂಡಿ, ಹತ್ತಾರು ಕಿಲೋಮೀಟರಿಗೆ ಮಾತ್ರ ಸರಿ. ಅದರ ಲಾಭ ದಾರಿಯ ಎರಡು ತುದಿಗಳಲ್ಲಿದೆ. ಹೊಲದ ತುದಿಯಲ್ಲಿ ಕಣಕಿಯನ್ನು ಅಲ್ಲೇ ಕತ್ತರಿಸಿ ಮುಚ್ಚಿದ ಪೆಟ್ಟಿಗೆಗೆ ಊದಿದರೆ ಸಿವುಡು, ಹೇರಿಕೆ, ಬಣವಿ ಎಂಬ ಮೂರು ಕೆಲಸಗಳು ಒಂದಾಗುತ್ತವೆ; ಉದುರಿದ ಎಲೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ನಗರದ ತುದಿಯಲ್ಲಿ ಡಿಪೋದಿಂದ ಗೋದಲಿಗೆ ಚೀಲ, ಆಟೋ, ಬುಟ್ಟಿ ತಪ್ಪುತ್ತವೆ. ಪೆಟ್ಟಿಗೆಗೆ ಗೋಡೆಯ ಎತ್ತರ ನಿಗದಿಯಾಗಿರುವುದರಿಂದ ಗೋಪುರದಂತೆ ಹೇರುವ ಆಸೆಗೂ ಕಡಿವಾಣ. ಮೇವಿನ ಲಾರಿ ವಿದ್ಯುತ್ ತಂತಿಗೆ ತಗುಲಿ ರಸ್ತೆಯಲ್ಲೇ ಉರಿದುಹೋಗುವ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ಅಪಾಯ ಯಂತ್ರದಲ್ಲೂ ಇದೆ, ಮರೆಮಾಚಬಾರದು. ತಿರುಗುವ ಪಿ.ಟಿ.ಒ. ದಂಡಕ್ಕೆ ಸೀರೆಯ ಸೆರಗು, ಪಂಚೆಯ ಚುಂಗು ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ದಂಡಕ್ಕೆ ಪೂರ್ತಿ ಮುಚ್ಚಿಗೆ, ರೋಲರುಗಳ ಮುಂದೆ ಒತ್ತಿದೊಡನೆ ನಿಲ್ಲಿಸುವ ಅಡ್ಡ ಪಟ್ಟಿ, ಈ ಎರಡಿಲ್ಲದ ಬಂಡಿಗೆ ಸಹಾಯಧನ ಕೊಡಬಾರದು.

ಇಲ್ಲಿ ಮತ್ತೆ ಕುಷಾಯಿಗೂಡದ ಶೆಡ್ಡುಗಳಿಗೆ ಬರುತ್ತೇನೆ. ಪೆಟ್ಟಿಗೆ, ಸರಪಳಿ, ಅಡ್ಡಪಟ್ಟಿ, ವೇಗ ತಗ್ಗಿಸುವ ಗೇರು, ನಾಲ್ಕು ಬೇರಿಂಗು: ಇದರಲ್ಲಿ ಇಂಥ ಊರಿನ ಕುಶಲ ಕೆಲಸಗಾರನಿಗೆ ಕೈಗೂಡದ ಭಾಗ ಒಂದೂ ಇಲ್ಲ. ಕೊರತೆ ಇರುವುದು ನಕ್ಷೆಯದು, ಹೊಲದಲ್ಲಿ ಓಡಿಸಿ ಅಳೆದ ಅಂಕಿಗಳದು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, ಕರ್ನಾಟಕದಲ್ಲಿ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು 2014ರಿಂದ ಇವೆ. ಧಾರವಾಡ ಮೇವಿನ ಹದ ಹೇಳಲಿ, ರಾಯಚೂರು 40 ಅಶ್ವಶಕ್ತಿಯ ಟ್ರಾಕ್ಟರಿಗೆ ಹೊಂದುವ ನಕ್ಷೆ ಬರೆಯಲಿ, ಒಂದು ಹಂಗಾಮು ಮಾಲದಂಡಿ ಹೊಲದಲ್ಲಿ ಓಡಿಸಿ ಉದುರಿದ ಎಲೆಯನ್ನು ತೂಗಿ ಪ್ರಕಟಿಸಲಿ. ಆ ತೂಕ ಕೈಗೆ ಬಂದ ದಿನ, ಯಂತ್ರಧಾರೆಯ ಪಟ್ಟಿಯಲ್ಲಿ ಮೇವಿನ ವ್ಯಾಗನ್ನಿನ ಹೆಸರನ್ನೂ ಸೇರಿಸಬೇಕೆಂದು ಕೃಷಿ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.